ಹಲೋ ರೀ

ನನ್ನ ಗಾಡಿ ನನ್ನನ್ನು ‘ರೀ’ ಎಂದು ಕರೆಯುತ್ತಿತ್ತು. ಸುಳ್ಳಲ್ಲ. ಕೀಲಿ ತಿರುಗಿಸಿದರೆ ಹ್ಯಾಂಡಲ್ ನಡುವಿನ ಮೀಟರಿನ ಪರದೆ ಬೆಳಗಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಹಲೋ ರೀ’ ಎಂದು ಬರುತ್ತಿತ್ತು. ಎರಡೋ ಮೂರೋ ಸೆಕೆಂಡು, ಅಷ್ಟೆ. ಆಮೇಲೆ ಪೆಟ್ರೋಲು, ವೇಗ, ಗಂಟೆ ಎಲ್ಲ ಮೂಡುತ್ತಿದ್ದವು. ಆ ಎರಡು ಮೂರು ಸೆಕೆಂಡನ್ನು ನಾನು ನನ್ನ ಬಾಯಿಂದಲೇ ಕಳೆದುಕೊಂಡೆ. ಯಾರನ್ನು ಬೈದು ಏನು ಪ್ರಯೋಜನ.

ಆ ಹೆಸರು ಹಾಕಿದವಳು ನನ್ನ ಹೆಂಡತಿ. ನಾವು ಬೀದರ್ ಕಡೆಯವರು. ತೆಲುಗು ಸೀಮೆಯ ಈ ಕೂಕಟ್‌ಪಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನನಗೆ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಗಾಡಿ ಕೊಂಡ ದಿನ ನಾನು ಒಳಗೆ ಕಾಗದಗಳಿಗೆ ಸಹಿ ಹಾಕುತ್ತಿದ್ದೆ. ಹೊರಗೆ ಶೋರೂಮಿನ ಹೆಣ್ಣುಮಗಳೊಬ್ಬಳು ಇವಳ ಫೋನಿಗೆ ಗಾಡಿಯ ಆ್ಯಪ್ ಹಾಕಿಕೊಟ್ಟು, ಓಡಿಸುವವರ ಹೆಸರು ಬರೆಯಿರಿ ಎಂದಳಂತೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಎಲ್ಲರೂ ಸೇರಿ ಪೀಡಿಸಿದರೆ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ತೂರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಶೋರೂಮಿನಲ್ಲಿ ಎಲ್ಲಿಯ ಒಡಪು? ತಾನು ದಿನಾ ಕರೆಯುವುದನ್ನೇ ಬರೆದುಬಿಟ್ಟಿದ್ದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾರ್ಖಾನೆಯ ಗೇಟಿನಲ್ಲಿ ಯಾರಾದರೂ ನೋಡಿದರೆ ಮರ್ಯಾದೆ ಏನಾಗಬೇಕು ಎಂದು ಮನೆ ಮುಟ್ಟುವವರೆಗೂ ಬೈದೆ. ಅವಳು ಹಿಂದೆ ಕೂತು ನಗುತ್ತಲೇ ಇದ್ದಳು. ಬೇಡವಾದರೆ ನೀವೇ ಬದಲಿಸಿಕೊಳ್ಳಿ ಎಂದಳು. ನನಗೆ ಅದು ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳಿಗೆ ಗಾಡಿ ಕಲಿಯುವ ಆಸೆ. ಸ್ಕೂಟಿ ಅಲ್ಲ, ಇದೇ ಗೇರಿನ ಗಾಡಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಖಾಲಿ ಜಾಗವಿತ್ತು. ಭಾನುವಾರ ಬಂತೆಂದರೆ ಚಹಾದ ಲೋಟದ ಜೊತೆ ಗಾಡಿಯ ಕೀಲಿಯನ್ನೂ ತಂದು ನನ್ನ ಮುಂದೆ ಇಡುತ್ತಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆ ‘ಇರ್ಲಿ ಬಿಡ’ ಎನ್ನುತ್ತಿದ್ದೆ. ನನ್ನ ನಾಲಿಗೆಗೆ ಅಂಟಿಕೊಂಡ ಮಾತು ಅದು. ಕಿಟಕಿಗೆ ಹೊಸ ಪರದೆ ಹಾಕೋಣ ಎಂದರೆ ಇರ್ಲಿ ಬಿಡ, ತವರಿನಲ್ಲಿ ಎರಡು ದಿನ ಹೆಚ್ಚು ಇದ್ದು ಬರುತ್ತೇನೆ ಎಂದರೂ ಇರ್ಲಿ ಬಿಡ. ಹೂಂ ಎಂದ ಹಾಗೂ ಅಲ್ಲ, ಊಹೂಂ ಎಂದ ಹಾಗೂ ಅಲ್ಲ. ಮಾತು ಮಾತ್ರ ಅಲ್ಲಿಗೆ ಮುಗಿಯುತ್ತಿತ್ತು. ಕೀಲಿಯನ್ನು ಅವಳೇ ತೆಗೆದುಕೊಂಡು ಹೋಗಿ ಮೊಳೆಗೆ ಹಾಕುತ್ತಿದ್ದಳು. ಆ ಖಾಲಿ ಜಾಗದಲ್ಲಿ ಈಗ ಐದು ಮಹಡಿ ಎದ್ದಿದೆ.

ಹೋದ ವರ್ಷದ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಆರು ದಿನ ಆಸ್ಪತ್ರೆಯಲ್ಲಿದ್ದಳು. ಏಳನೆಯ ದಿನ ಇರಲಿಲ್ಲ.

ಎಲ್ಲ ಮುಗಿಸಿ ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಕೀಲಿ ತಿರುಗಿಸಿದೆ. ‘ಹಲೋ ರೀ’ ಎಂದು ಬಂತು. ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿ, ಪಾರ್ಕಿಂಗಿನಲ್ಲೇ ನಿಂತು ಅತ್ತೆ. ಅಂದಿನಿಂದ ಆ ಅಕ್ಷರಗಳು ಹೋಗುವವರೆಗೂ ಕಾದು, ಆಮೇಲೆ ಗಾಡಿ ಚಾಲೂ ಮಾಡುವುದು ರೂಢಿಯಾಯಿತು. ಒಮ್ಮೊಮ್ಮೆ ಕೀಲಿ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ್ದೂ ಉಂಟು. ನಮ್ಮ ವಾಚ್‌ಮನ್ ಗಾಡಿ ಕೆಟ್ಟಿದೆಯೆಂದು ತಿಳಿದು ತಳ್ಳಲು ಬಂದಿದ್ದ.

ಈ ಮಳೆಗಾಲಕ್ಕೆ ಗಾಡಿ ನಿಜವಾಗಿಯೂ ಕೆಟ್ಟಿತು. ಮೀಟರಿನ ಗಾಜಿನೊಳಗೆ ಹಬೆ ಕಟ್ಟಿಕೊಂಡಿತು, ಅಕ್ಷರ ಮಸುಕಾಯಿತು, ಒಂದು ದಿನ ಪರದೆ ಅರ್ಧ ಕಪ್ಪಾಯಿತು. ಸರ್ವೀಸ್ ಸೆಂಟರಿಗೆ ಒಯ್ದೆ. ಗಾಡಿಯ ತೊಂದರೆ ಕೇಳಿ ಬರೆದುಕೊಳ್ಳುವ ಅಡ್ವೈಸರ್ ನಲವತ್ತು ದಾಟಿದವ. ಮೊದಲು ತೆಲುಗಿನಲ್ಲಿ ಮಾತಾಡಿದ. ನನ್ನ ತೆಲುಗಿನ ಕೊನೆಗೂ ಒಂದು ‘ರಿ’ ಅಂಟಿಕೊಂಡು ಬಂದದ್ದು ಕೇಳಿ ಕಣ್ಣರಳಿಸಿ, ತಾನು ಸೇಡಂ ಕಡೆಯವನೆಂದು ಹೇಳಿಕೊಂಡ. ಅಲ್ಲಿಂದ ಮುಂದೆ ಇಬ್ಬರದೂ ನಮ್ಮ ಮಾತೇ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಗಾಡಿ ಮನೆಯವರ ಕೈಗೇ ಕೊಟ್ಟೆ ಅಂದುಕೊಂಡೆ.

ಮೀಟರ್ ರಿಪೇರಿಯಾಗುವ ವಸ್ತುವಲ್ಲ, ಇಡಿಯಾಗಿ ಬದಲಿಸಬೇಕು ಎಂದ. ವಾರಂಟಿ ಇನ್ನೂ ಇತ್ತು. ಹೊಸದಕ್ಕೆ ಹೊಸ ಸಾಫ್ಟ್‌ವೇರ್ ಹಾಕಿ, ಇದುವರೆಗೆ ಓಡಿದ ಕಿಲೋಮೀಟರನ್ನು ಕಂಪ್ಯೂಟರಿನಿಂದ ಅದಕ್ಕೆ ದಾಟಿಸುತ್ತಾರೆ. ಹಳೆಯದು ಕಂಪನಿಗೆ ವಾಪಸ್. ಹೆಸರಿನ ವಿಷಯ ನಾನು ಆಗಲೇ ಹೇಳಬೇಕಿತ್ತು. ನಾಚಿಕೆಯಾಯಿತು. ಐವತ್ತು ದಾಟಿದ ಗಂಡಸು ಅಷ್ಟು ಜನ ಮೆಕ್ಯಾನಿಕ್‌ಗಳ ನಡುವೆ ನಿಂತು, ಕಿಲೋಮೀಟರ್ ಹೋದರೆ ಹೋಗಲಿ, ನನ್ನ ‘ರೀ’ ಉಳಿಸಿಕೊಡಿ ಎಂದು ಹೇಗೆ ಕೇಳುವುದು?

ಎರಡು ವಾರಕ್ಕೆ ಮೀಟರ್ ಬಂತು. ಬೆಳಿಗ್ಗೆ ಗಾಡಿ ಬಿಟ್ಟು ಬಸ್ಸಿನಲ್ಲಿ ಕೆಲಸಕ್ಕೆ ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಅಡ್ವೈಸರ್ ಫೋನ್ ಮಾಡಿದ.

‘ಸರ್, ಹಳೇ ಮೀಟರಿನ್ಯಾಗ ಹೆಸರಿನ ಜಾಗಾದಾಗ ರೀ ಅಂತ ಐತ್ರಿ. ಏನ್ ಮಾಡ್ಲಿರಿ?’

ಅವನ ದನಿಯಲ್ಲಿ ನಗು ಇತ್ತು. ಸುತ್ತ ನನ್ನ ಜೊತೆಯವರು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನಾನೂ ನಕ್ಕಂತೆ ಮಾಡಿ, ‘ಇರ್ಲಿ ಬಿಡ್ರಿ’ ಎಂದು ಫೋನ್ ಇಟ್ಟೆ.

ಸಂಜೆ ಹೋದೆ. ಹೊಸ ಪರದೆ ಲಕಲಕ ಹೊಳೆಯುತ್ತಿತ್ತು. ಕೀಲಿ ತಿರುಗಿಸಿದೆ. ‘ಹಲೋ ರೈಡರ್’ ಎಂದಿತು.

ಆರಿಸಿ ಮತ್ತೆ ಹಾಕಿದೆ. ಅದೇ. ಆಮೇಲೆ ನಾನು ಏನೇನು ಕೂಗಾಡಿದೆನೋ ನೆನಪಿಲ್ಲ. ತೊಳೆಯುವ ಕಡೆಯಿಂದಲೂ ಜನ ಬಂದು ನಿಂತು ನೋಡಿದರು. ಅಡ್ವೈಸರ್ ಬೆಪ್ಪಾಗಿ ನಿಂತಿದ್ದ.

‘ನೀವ ಬಿಡ್ರಿ ಅಂದ್ರಲ್ರಿ ಸರ್.’

‘ಇರ್ಲಿ ಅಂದಿದ್ದೆ.’

‘ಇರ್ಲಿ ಬಿಡ್ರಿ ಅಂದ್ರಿ.’

ಅಂದದ್ದು ಹೌದು. ಇದ್ದ ಹಾಗೇ ಇರಲಿ ಎಂದು ನಾನು ಹೇಳಿದ್ದೆ; ಹೋದರೆ ಹೋಗಲಿ ಎಂದು ಅವನು ಕೇಳಿಸಿಕೊಂಡಿದ್ದ. ಅವನದೇನು ತಪ್ಪು? ಇಪ್ಪತ್ತು ವರ್ಷ ಈ ಊರಿನಲ್ಲಿ ತೆಲುಗು ಹಿಂದಿ ಮಾತಾಡಿ ನಾನು ಎಲ್ಲೂ ಎಡವಿದವನಲ್ಲ. ತೆಲುಗಿನಲ್ಲಿ ಕೇಳಿದ್ದರೆ ‘ಉಂಚಂಡಿ’ ಎನ್ನುತ್ತಿದ್ದೆ, ಹಾಗೇ ಇಡಿ ಎಂದು. ಒಂದೇ ಅರ್ಥ, ಮುಗಿಯಿತು. ನನ್ನದೇ ಮಾತಿನಲ್ಲಿ, ನನ್ನ ಕಡೆಯವನ ಜೊತೆ ಎಡವಿದೆ.

ಹಳೆಯ ಮೀಟರ್ ಎಲ್ಲಿ ಎಂದೆ. ಮಧ್ಯಾಹ್ನದ ವ್ಯಾನಿನಲ್ಲಿ ಹೋಯಿತು ಎಂದ. ನನ್ನ ಮುಖ ನೋಡಿ ಅವನಿಗೆ ಏನನಿಸಿತೋ, ಕುರ್ಚಿ ಎಳೆದು ಕೂರಿಸಿದ. ಎರಡು ನಿಮಿಷದ ಕೆಲಸ, ಅದೇ ಹೆಸರು ಮತ್ತೆ ಬರೆದುಬಿಡೋಣ ಎಂದು ನನ್ನ ಫೋನಿಗೆ ಆ್ಯಪ್ ಹಾಕಿ, ಹೆಸರಿನ ಜಾಗ ತೆರೆದು ನನ್ನ ಕೈಗೇ ಕೊಟ್ಟ.

ಬರೆಯಲು ಹೋದೆ. ಮೊದಲ ಅಕ್ಷರಕ್ಕೇ ಬೆರಳು ನಿಂತಿತು. ನಾನು ಬರೆದರೆ ನನ್ನನ್ನು ನಾನೇ ‘ರೀ’ ಎಂದು ಕರೆದುಕೊಂಡ ಹಾಗೆ. ಅವಳು ಎಲ್ಲಿ ಕರೆದ ಹಾಗಾಯಿತು? ಹಾಗೆ ಕೂತಾಗಲೇ ಇನ್ನೊಂದು ಹೊಳೆದದ್ದು. ಅವಳು ನನ್ನ ಹೆಸರು ಹೇಳದಿದ್ದುದಕ್ಕೆ ಪದ್ಧತಿಯ ನೆಪವಿತ್ತು. ನಾನು? ‘ಏ’ ಎಂದೆ, ‘ಕೇಳಿಲ್ಲಿ’ ಎಂದೆ. ಅಷ್ಟು ವರ್ಷದಲ್ಲಿ ಒಂದು ಸಲವೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಅವಳ ಹೆಸರು ನಾನು ಬರೆದದ್ದು ಆಸ್ಪತ್ರೆಯ ಫಾರ್ಮಿನಲ್ಲಿ ಮಾತ್ರ.

ಬರೆದಿದ್ದ ಒಂದಕ್ಷರ ಅಳಿಸಿ, ಅವಳ ಹೆಸರು ಬರೆದೆ. ಅಡ್ವೈಸರ್ ಕೀಲಿ ತಿರುಗಿಸಿದ. ಗಾಡಿ ಅವಳ ಹೆಸರು ಹಿಡಿದು ಹಲೋ ಎಂದಿತು. ಅವನು ಪರದೆಯನ್ನೂ ನನ್ನನ್ನೂ ನೋಡಿ ಮೆಲ್ಲಗೆ ಕೇಳಿದ.

‘ಇದು ಓಡಸೋರ ಹೆಸರು ಬರಿಯೋ ಜಾಗಾರಿ ಸರ್. ಇವ್ರು ಯಾರ್ರೀ?’

‘ಗಾಡಿ ಕಲೀತೀನಿ ಅಂತಿದ್ಳರಿ,’ ಎಂದೆ. ‘ನಾನ ಇರ್ಲಿ ಬಿಡ ಅಂದಿದ್ದೆ.’