ಅನ್ನವ್ವನ ಎರಡೂ ಕೈ

ಮುಶಿಗೇರಿಯ ಅನ್ನವ್ವ ಎಡಚಿ. ಕಸ ಹೊಡೆಯುವುದಿರಲಿ, ಬೀಸುವುದಿರಲಿ, ನೀರು ಸೇದುವುದಿರಲಿ, ಎಡಗೈಯೇ ಮುಂದಾಗುತ್ತಿತ್ತು. ಊರಿನ ಕಮ್ಮಾರ ಅವಳಿಗೆಂದೇ ಒಂದು ಕುಡುಗೋಲನ್ನು ಹಲ್ಲು ತಿರುವಿ ಮಾಡಿಕೊಟ್ಟಿದ್ದ. ಜೋಳದ ಸುಗ್ಗಿಯಲ್ಲಿ ಅದನ್ನು ಬೇರೆ ಯಾರು ಹಿಡಿದರೂ ದಂಟು ಕೊಯ್ಯುತ್ತಿರಲಿಲ್ಲ. ಉಣ್ಣುವುದೊಂದನ್ನು ತಾಯಿ ಚೌಡವ್ವ ಬೆರಳಿಗೆ ಬಡಿಬಡಿದು ಬಲಗೈಗೆ ತಿದ್ದಿದ್ದಳು. ರೊಟ್ಟಿಯ ವಿಷಯದಲ್ಲಿ ಸುಮ್ಮನಿದ್ದುಬಿಟ್ಟಳು. ಸಣ್ಣವಳಿದ್ದಾಗ ಅನ್ನವ್ವ ತಾಯಿಗೆ ಎದುರಾಗಿ ಕುಳಿತು ರೊಟ್ಟಿ ಬಡಿಯಲು ಕಲಿತವಳು. ತಾಯಿಯ ಬಲಗೈ ಆಡಿದ ಕಡೆಗೇ ಮಗಳ ಎಡಗೈ ಆಡಿತು. ಹನ್ನೆರಡು ವರ್ಷ ತುಂಬುವುದರೊಳಗೆ ಅವಳ ರೊಟ್ಟಿ ಹಂಚಿನಗಲ ಹರಡುತ್ತಿತ್ತು, ಅಂಚು ಎಲ್ಲಿಯೂ ಸೀಳುತ್ತಿರಲಿಲ್ಲ.

"ಯಾವ ಕೈಲೆ ಬಡದ್ರೂ ರೊಟ್ಟಿ ದುಂಡಗನ ಇರತೈತಿ," ಎನ್ನುತ್ತಿದ್ದಳು ಚೌಡವ್ವ.

೧೯೫೨ರ ಬೇಸಿಗೆಯಲ್ಲಿ ಅನ್ನವ್ವನನ್ನು ಗಜೇಂದ್ರಗಡದ ನೇಕಾರ ಗವಿಸಿದ್ದಪ್ಪನಿಗೆ ಕೊಟ್ಟರು. ಮನೆಯಲ್ಲಿ ನೆಲದ ಕುಣಿಗೆ ಕಾಲಿಳಿಸಿ ಕುಳಿತು ನೇಯುವ ಎರಡು ಕುಣಿಮಗ್ಗ. ಒಂದರಲ್ಲಿ ಮಾವ ಮುದಿಯಪ್ಪ, ಇನ್ನೊಂದರಲ್ಲಿ ಗಂಡ. ಅತ್ತೆ ಉಡಚವ್ವ ಒಲೆಯ ಮುಂದೆ. ಮದುವೆಯಾಗಿ ಬಂದ ಐದನೆಯ ದಿನ ಬೆಳಿಗ್ಗೆ ಸೊಸೆಯನ್ನು ರೊಟ್ಟಿಗೆ ಕೂಡ್ರಿಸಿ ಉಡಚವ್ವ ಹಿತ್ತಲಿಗೆ ಹೋದಳು. ತಿರುಗಿ ಬಂದಾಗ ಬುಟ್ಟಿಯಲ್ಲಿ ಏಳು ರೊಟ್ಟಿ ಇದ್ದವು, ಎಂಟನೆಯದನ್ನು ಅನ್ನವ್ವ ಬಡಿಯುತ್ತಿದ್ದಳು. ಉಡಚವ್ವ ಬಾಗಿಲಲ್ಲೇ ನಿಂತು ನೋಡಿದಳು.

"ಅದ್ಯಾವ ಕೈ ಅದು?"

ಅನ್ನವ್ವನ ಕೈ ನಿಂತಿತು.

"ಎಡಗೈಲೆ ಬಡದ ರೊಟ್ಟಿ ಈ ಮನ್ಯಾಗ ಯಾರೂ ತಿನ್ನಂಗಿಲ್ಲ. ಎದ್ದೇಳು."

ಆ ಏಳು ರೊಟ್ಟಿ ಎಮ್ಮೆಗೆ ಹೋದವು. ಉಡಚವ್ವ ಕೂಗಾಡಲಿಲ್ಲ. ಅವಳು ಕೂಗಾಡುವ ಹೆಂಗಸೇ ಅಲ್ಲ. ಹೊಸ ಹಿಟ್ಟು ನಾದಿ ತಾನೇ ಬಡಿದು ಎಲ್ಲರಿಗೂ ಹೊತ್ತಿಗೆ ಸರಿಯಾಗಿ ನೀಡಿದಳು. ಮರುದಿನದಿಂದ ಬಲಗೈಯಲ್ಲಿ ಬಡಿಯುವ ಪಾಠ ಶುರುವಾಯಿತು. ಅನ್ನವ್ವ ಮನಸ್ಸಿಟ್ಟು ಪ್ರಯತ್ನಿಸಿದಳು. ಆದರೆ ಬಲಗೈ ಬೇರೆ ಯಾರದೋ ಕೈಯಂತೆ ಭಾರವಾಗಿ ಬೀಳುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎತ್ತುವಾಗ ನಡುವೆ ಹರಿಯುತ್ತಿತ್ತು. ಒಂದು ತಿಂಗಳು ಹೀಗೇ ನಡೆಯಿತು. ಹರಿದ ರೊಟ್ಟಿಯನ್ನು ಮಾವ ಏನೂ ಅನ್ನದೆ ಹಾಲಿಗೆ ಮುರಿದುಕೊಂಡು ಉಣ್ಣುತ್ತಿದ್ದ. ಅದನ್ನು ನೋಡಿದಾಗ ಅನ್ನವ್ವನಿಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ಕಸಿವಿಸಿಯಾಗುತ್ತಿತ್ತು.

ಕಡೆಗೆ ಉಡಚವ್ವ ಹಿಟ್ಟಿನ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಹಿಟ್ಟು ಹಾಳಾಗತೈತಿ. ನೀ ಕಂಡಿಕಿ ಸುತ್ತಕೋತ ಕೂಡ್ರು."

ನೂಲನ್ನು ಲಾಳಿಯ ಕಂಡಿಕೆಗೆ ಸುತ್ತುವ ಕೆಲಸ ಅದು. ಅನ್ನವ್ವ ರಾಟಿಯನ್ನು ಹೊರಳಿಸಿ ಇಟ್ಟುಕೊಂಡು ಎಡಗೈಯಲ್ಲಿ ತಿರುವಿದಳು. ಅದಕ್ಕೆ ಅತ್ತೆಯ ತಕರಾರು ಇರಲಿಲ್ಲ. ನೂಲನ್ನು ಯಾರೂ ತಿನ್ನುವುದಿಲ್ಲವಲ್ಲ. ಅನ್ನವ್ವ ಸುತ್ತಿದ ಕಂಡಿಕೆ ಬಿಗಿಯಾಗಿ, ಸಮನಾಗಿ ಇರುತ್ತಿದ್ದವು. ಮಗ್ಗದಲ್ಲಿ ಎಳೆ ಕಡಿಯುವುದು ಕಡಿಮೆಯಾಯಿತೆಂದು ಗವಿಸಿದ್ದಪ್ಪ ಒಂದೆರಡು ಸಲ ಹೇಳಿದ. ಬಾವಿಕಟ್ಟೆಯಲ್ಲಿ ಹೆಂಗಸರು ಕೇಳುತ್ತಿದ್ದರು: "ಉಡಚವ್ವ, ಸೊಸಿ ಬಂದ್ರೂ ಒಲಿ ಮುಂದ ನೀನ ಅದೀಯಲ್ಲ?" ಉಡಚವ್ವ ಕೊಡ ಎತ್ತಿಕೊಳ್ಳುತ್ತ, "ಅಕಿ ಕೈಯಾಗ ಕಂಡಿಕಿ ಚಲೋ ಬರ್ತಾವ," ಎಂದಷ್ಟೇ ಹೇಳಿ ಬರುತ್ತಿದ್ದಳು. ಎಡಗೈಯ ಮಾತನ್ನು ಓಣಿಯಲ್ಲಿ ಎಂದೂ ಎತ್ತಲಿಲ್ಲ. ಮೂರು ವರ್ಷ ಅನ್ನವ್ವ ಒಲೆಯ ಹತ್ತಿರ ಪಲ್ಯ ತಿರುವಲಿಕ್ಕೆ ಹೋದಳೇ ಹೊರತು ಹಿಟ್ಟು ಮುಟ್ಟಲಿಲ್ಲ. ತವರಿಗೆ ಹೋದಾಗ ಮಾತ್ರ ಮನದಣಿಯೆ ಬಡಿದು ಬರುತ್ತಿದ್ದಳು.

ನಾಲ್ಕನೆಯ ವರ್ಷ ಮುದಿಯಪ್ಪನಿಗೆ ಹೊಟ್ಟೆಯ ಬೇನೆ ಹಿಡಿಯಿತು. ಅಷ್ಟರಲ್ಲಿ ಅವನ ಬಾಯಲ್ಲಿ ನಾಲ್ಕೋ ಐದೋ ಹಲ್ಲು ಉಳಿದಿದ್ದವು. ದವಾಖಾನೆಯ ಡಾಕ್ಟರು ಕೆಲವು ತಿಂಗಳು ಜೋಳ ಬಿಡಬೇಕು, ಮೆತ್ತನ್ನ ಗೋಧಿಯ ಚಪಾತಿ ಮತ್ತು ಅನ್ನ ಉಣ್ಣಬೇಕು ಎಂದು ಹೇಳಿ ಕಳಿಸಿದರು. ಅನ್ನಕ್ಕೆ ಮುದಿಯಪ್ಪ ಒಗ್ಗಲಿಲ್ಲ. ಉಂಡಂತೆಯೇ ಆಗುವುದಿಲ್ಲ ಎಂದ. ಸುದ್ದಿ ತಿಳಿದು ಅನ್ನವ್ವನ ತಂದೆ ಮುಶಿಗೇರಿಯಿಂದ ತನ್ನ ಹೊಲದ ಒಂದು ಚೀಲ ಗೋಧಿಯನ್ನು ಚಕ್ಕಡಿಯಲ್ಲಿ ಕಳಿಸಿದ.

ಉಡಚವ್ವ ಹಬ್ಬಕ್ಕೆ ಹೋಳಿಗೆ ಮಾಡಿದವಳು, ಚಪಾತಿ ಅವಳ ದಿನದ ಅಡುಗೆಯಲ್ಲ. ಜೋಳದ ಹಿಟ್ಟನ್ನು ನಾದಿದಂತೆ ಗಟ್ಟಿಯಾಗಿ ನಾದಿದಳು, ನಾದಿದ ಕೂಡಲೇ ಲಟ್ಟಿಸಿದಳು, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದಳು. ಹಂಚಿನಿಂದ ಇಳಿಸುವಾಗ ಸರಿಯಾಗಿಯೇ ಕಾಣುತ್ತಿದ್ದ ಚಪಾತಿ ಮುದಿಯಪ್ಪನ ತಾಟಿಗೆ ಬರುವುದರೊಳಗೆ ಚರ್ಮದಂತಾಗುತ್ತಿತ್ತು. ಅವನು ಒಂದು ತುಂಡನ್ನು ಬಾಯಲ್ಲಿ ಆ ದವಡೆಯಿಂದ ಈ ದವಡೆಗೆ ಹೊರಳಿಸಿ, ಕೊನೆಗೆ ನೀರು ಕುಡಿದು ನುಂಗುತ್ತಿದ್ದ. "ಸಾಕು," ಎಂದು ಏಳುತ್ತಿದ್ದ. ಹತ್ತು ದಿನದಲ್ಲಿ ಅವನ ಕುತ್ತಿಗೆಯ ಎಲುಬು ಕಾಣತೊಡಗಿದವು. ಮಗ್ಗದ ಕುಣಿಗೆ ಇಳಿಯುವುದನ್ನು ಬಿಟ್ಟ. ಉಡಚವ್ವ ಹಿಟ್ಟಿಗೆ ಎಣ್ಣೆ ಹೆಚ್ಚು ಹಾಕಿ ನೋಡಿದಳು, ಹಾಲು ಹಾಕಿ ನೋಡಿದಳು. ತಾಟಿನಲ್ಲಿ ಉಳಿದ ಚಪಾತಿಯನ್ನು ಯಾರಿಗೂ ಕಾಣದಂತೆ ಎತ್ತಿ ಒಯ್ಯುತ್ತಿದ್ದಳು.

ಅದೇ ಓಣಿಯ ಕೊನೆಯಲ್ಲಿ ಬಾಬುಸಾಬನ ಮನೆ. ಅವನು ಬಣ್ಣದ ನೂಲಿನ ವ್ಯಾಪಾರ ಮಾಡುತ್ತಿದ್ದ. ಒಂದು ಮಧ್ಯಾಹ್ನ ಕೆಂಪು ನೂಲು ತರಲು ಹೋದ ಅನ್ನವ್ವ ಅಂಗಳದಲ್ಲಿ ನಿಂತಳು. ಬಾಬುಸಾಬನ ಹೆಂಡತಿ ಜಮಾಲಬಿ ಬೇವಿನ ನೆರಳಿನ ಒಲೆಯ ಮುಂದೆ ಕುಳಿತು ಚಪಾತಿ ಮಾಡುತ್ತಿದ್ದಳು. ಬಾಬುಸಾಬ ಒಳಗೆ ನೂಲು ತೂಗುವ ತನಕ ಅನ್ನವ್ವ ಅವಳ ಕೈಗಳನ್ನೇ ನೋಡಿದಳು. ಜಮಾಲಬಿ ಎರಡೂ ಕೈಯಿಂದ ಲಟ್ಟಣಿಗೆ ಹಿಡಿದಿದ್ದಳು. ಅದು ಹೋಗಿ ಬರುತ್ತಿತ್ತು, ಕೆಳಗಿನ ಹಿಟ್ಟು ತಾನಾಗಿಯೇ ತಿರುಗುತ್ತಿತ್ತು.

"ಬಲಗೈ ಒಂದರಲೇ ಮಾಡಂಗಿಲ್ಲೇನ್ರಿ ಇದನ್ನ?" ಎಂದು ಅನ್ನವ್ವ ಕೇಳಿದಳು.

ಜಮಾಲಬಿ ತಲೆ ಎತ್ತಿದಳು. "ಒಂದ ಕೈಲೆ ಹ್ಯಾಂಗ ಬರ್ತೈತವ್ವ? ಎರಡೂ ಕೈ ಜೋಡಿ ಆಗಬೇಕು." ಹಾಗೆಂದು ಹಂಚಿನ ಮೇಲಿಂದ ಉಬ್ಬಿದ ಒಂದು ಚಪಾತಿ ತೆಗೆದು ಅನ್ನವ್ವನ ಅಂಗೈಗೆ ಹಾಕಿದಳು. ಅನ್ನವ್ವ ಅದನ್ನು ನಾಲ್ಕು ಮಡಿಕೆ ಮಾಡಿದಳು. ಎಲ್ಲಿಯೂ ಮುರಿಯಲಿಲ್ಲ. ಅವಳು ಮಾವನ ಬೇನೆಯ ಮಾತು ಹೇಳಿದಳು. ಅತ್ತೆಯ ಚಪಾತಿ ಹೇಗಾಗುತ್ತದೆಂದೂ ಹೇಳಿದಳು.

"ಹಿಟ್ಟು ಗಟ್ಟಿ ಇರಬಾರದು," ಎಂದಳು ಜಮಾಲಬಿ. "ಕಿವಿ ತುದಿ ಮುಟ್ಟಿ ನೋಡಕೋ, ಅಷ್ಟ ಮೆತ್ತಗ ಇರಬೇಕು. ಉಗುರು ಬೆಚ್ಚನ ನೀರಾಗ ನಾದು. ನಾದಿ ಹಸಿ ಅರಬಿ ಹೊಚ್ಚಿ ಇಟ್ಟು ಬಿಡು, ಲಗೂ ಮಾಡಬ್ಯಾಡ. ನೀ ನೀರಿಗೆ ಹೋಗಿ ಬರೂತನಕ ಅದು ಮಲಗಲಿ. ಲಟ್ಟಿಸಿ ಎಣ್ಣಿ ಸವರಿ ಮಡಚು, ಮತ್ತ ಲಟ್ಟಿಸು. ಉರಿ ದೊಡ್ಡದು ಇರಬೇಕು. ಒಳಗ ನೀರ ಇರೂದರಾಗ ಬೇಯಬೇಕು, ಒಣಗಿದ ಮ್ಯಾಲೆ ಅಲ್ಲ. ಇಳಿಸಿದ ಕೂಡ್ಲೆ ಅರಬ್ಯಾಗ ಮುಚ್ಚಿಡು."

ಅನ್ನವ್ವ ಆ ಚಪಾತಿಯನ್ನು ದಾರಿಯಲ್ಲಿ ತಿನ್ನುತ್ತ ಬಂದಳು. ಮನೆಗೆ ಬಂದು ನೂಲು ಇಟ್ಟು ನೇರವಾಗಿ ಅತ್ತೆಯ ಮುಂದೆ ನಿಂತಳು.

"ಸಂಜಿಗೆ ಮಾವಗ ಚಪಾತಿ ನಾ ಮಾಡ್ತೀನ್ರಿ, ಅತ್ತಿ."

"ಎಡಗೈಲೇನು?"

"ಇದಕ್ಕ ಎರಡೂ ಕೈ ಬೇಕ್ರಿ."

ಪಡಸಾಲೆಯಲ್ಲಿ ಮುದಿಯಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಉಡಚವ್ವ ಅತ್ತ ನೋಡಿ, ಗೋಧಿ ಹಿಟ್ಟಿನ ಡಬ್ಬಿಯನ್ನು ಸೊಸೆಯ ಕಡೆಗೆ ಸರಿಸಿದಳು. ತಾನು ಅಲ್ಲಿಂದ ಏಳಲಿಲ್ಲ.

ಅನ್ನವ್ವ ನಾದಿ, ಹಸಿ ಅರಿವೆ ಹೊಚ್ಚಿ, ಎರಡು ಕೊಡ ನೀರು ತಂದಳು. ಆಮೇಲೆ ಲಟ್ಟಿಸಲು ಕುಳಿತಳು. ಮೊದಲಿನದು ಸೊಟ್ಟಾಯಿತು, ಎರಡನೆಯದು ದುಂಡಗಾಯಿತು. ಬಲಗೈ ಇಲ್ಲಿ ಭಾರವಾಗಲಿಲ್ಲ. ಎಡಗೈ ಎಳೆದತ್ತ ಅದೂ ಹೋಗುತ್ತಿತ್ತು. ಚಪಾತಿಯನ್ನು ಕಾದ ಹಂಚಿಗೆ ಹಾಕಿದಳು. ಅದರ ಮೈಮೇಲೆ ಸಣ್ಣ ಗುಳ್ಳೆ ಎದ್ದವು. ಹೊರಳಿಸಲು ಎಡಗೈ ಮುಂದೆ ಹೋಯಿತು, ಅತ್ತೆಯ ನೆನಪಾಗಿ ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಉಡಚವ್ವ ಅರಿವೆಯ ತುಣುಕು ತೆಗೆದುಕೊಂಡು ಒಲೆಯ ಹತ್ತಿರ ಸರಿದಳು. "ನೀ ಲಟ್ಟಿಸು. ಬೇಯಿಸೂದು ನಾ ನೋಡಕೋತೀನಿ."

"ಈಗ ಹೊಳ್ಳಸ್ರಿ," ಎಂದಳು ಅನ್ನವ್ವ.

ಉಡಚವ್ವ ಹೊರಳಿಸಿದಳು.

"ಈಗ ಮತ್ತೊಮ್ಮಿ. ಒತ್ತಬ್ಯಾಡ್ರಿ, ಅದು ತಾನ ಉಬ್ಬತೈತಿ."

ಉಡಚವ್ವ ತನ್ನ ಒಲೆಯ ಮುಂದೆ ಯಾರ ಮಾತನ್ನೂ ಕೇಳಿ ಕೈ ಆಡಿಸಿದವಳಲ್ಲ. ಅಂದು ಕೇಳಿದಳು. ಚಪಾತಿ ಉಬ್ಬಿ ಆವಿ ಬಿಟ್ಟಿತು. ಅದನ್ನು ಇಳಿಸಿ ಅರಿವೆಯಲ್ಲಿ ಸುತ್ತಿದಳು. ಮುದಿಯಪ್ಪ ಎದ್ದು ಕುಳಿತು ತೊಗರಿಬೇಳೆಯ ಕಟ್ಟಿನಲ್ಲಿ ಅದ್ದಿ ಎರಡು ಚಪಾತಿ ಉಂಡ. ಯಾರು ಮಾಡಿದರೆಂದು ಕೇಳಲಿಲ್ಲ. "ಇನ್ನೊಂದು ಐತೇನು?" ಎಂದ. ಅನ್ನವ್ವ ಮತ್ತೆ ಲಟ್ಟಣಿಗೆ ಹಿಡಿದಳು.

ಅಂದಿನಿಂದ ಅತ್ತೆ ಸೊಸೆ ಸಂಜೆ ಜೊತೆಯಲ್ಲೇ ಒಲೆಯ ಮುಂದೆ ಕೂಡತೊಡಗಿದರು. ಮೊದಮೊದಲು ಉರಿಯ ಮಾತು, ಹಿಟ್ಟಿನ ಮಾತು ಮಾತ್ರ ನಡೆಯುತ್ತಿತ್ತು. ಆಮೇಲೆ ಉಡಚವ್ವ ತಾನು ಹೊಳೆಆಲೂರಿನಿಂದ ಹತ್ತು ವರ್ಷದವಳಾಗಿ ಈ ಮನೆಗೆ ಬಂದದ್ದನ್ನೂ, ತನ್ನ ಅತ್ತೆ ಬೆರಳ ಮೇಲೆ ಊದುಗೊಳವೆಯಿಂದ ಹೊಡೆಯುತ್ತಿದ್ದುದನ್ನೂ ಒಂದೊಂದಾಗಿ ಹೇಳಿದಳು. ಚಪಾತಿ ಕಲಿಸಿದವರು ಯಾರೆಂದು ಅನ್ನವ್ವ ಒಂದು ದಿನ ಹೇಳಿದಳು. ಮರುವಾರ ಉಡಚವ್ವ ಮುಶಿಗೇರಿಯ ಗೋಧಿಯಲ್ಲಿ ಒಂದು ಸೇರು ಅಳೆದು, "ಜಮಾಲಬಿಗೆ ಕೊಟ್ಟು ಬಾ," ಎಂದು ಕಳಿಸಿದಳು. ಮುದಿಯಪ್ಪ ದೀಪಾವಳಿಯ ಹೊತ್ತಿಗೆ ಮಗ್ಗದ ಕುಣಿಗೆ ಇಳಿದ. ಮೊದಲಿನಷ್ಟು ನೇಯಲಾಗಲಿಲ್ಲ, ಆದರೂ ದಿನಕ್ಕೆ ಒಂದಿಷ್ಟು ನೇಯ್ದ.

ಜೋಳದ ರೊಟ್ಟಿಯನ್ನು ಆಗಲೂ ಉಡಚವ್ವನೇ ಬಡಿಯುತ್ತಿದ್ದಳು. ೧೯೫೭ರ ಮಳೆಗಾಲದಲ್ಲಿ ಅವಳು ಜ್ವರ ಬಂದು ಒಂಬತ್ತು ದಿನ ಹಾಸಿಗೆ ಹಿಡಿದಳು. ಗವಿಸಿದ್ದಪ್ಪನಿಗೆ ಚಪಾತಿ ಹೊಟ್ಟೆಗೆ ಹತ್ತುತ್ತಿರಲಿಲ್ಲ. ಅನ್ನವ್ವ ಮೊದಲ ದಿನ ಯೋಚಿಸಿ, ಎರಡನೆಯ ದಿನ ಎಸರಿಟ್ಟು ಜೋಳದ ಹಿಟ್ಟು ನಾದಿದಳು. ಕೈಯನ್ನು ಅದರ ಪಾಡಿಗೆ ಬಿಟ್ಟಳು. ಬಡಿಯುವ ಸಪ್ಪಳ ಮಲಗಿದವಳ ಕಿವಿಗೆ ಬೀಳುತ್ತಲೇ ಇತ್ತು. ಮೂರು ದಿನ ಗಂಜಿ ಕುಡಿದ ಉಡಚವ್ವ ನಾಲ್ಕನೆಯ ದಿನ, "ಬಿಸಿ ರೊಟ್ಟಿ ಒಂದ ಚೂರು ಕೊಡು," ಎಂದಳು.

ಅನ್ನವ್ವ ತಾಟು ಹಿಡಿದು ನಿಂತಳು. "ನಾ ಬಡದದ್ದು ಐತ್ರಿ."

"ಗೊತ್ತೈತಿ. ಕೊಡು."

ಉಡಚವ್ವ ಅರ್ಧ ರೊಟ್ಟಿ ತಿಂದಳು. ಉಳಿದ ಅರ್ಧವನ್ನು ದೀಪದ ಕಡೆಗೆ ಹಿಡಿದು ಅಂಚನ್ನು ನೋಡಿದಳು. "ಸೀಳಿಲ್ಲ," ಎಂದಳು. ಆಮೇಲೆ ಅದನ್ನೂ ತಿಂದಳು.

ಜ್ವರ ಬಿಟ್ಟ ಮೇಲೆ ಅವಳು ಹಿಟ್ಟಿನ ಬುಟ್ಟಿ ಮರಳಿ ಕೇಳಲಿಲ್ಲ. ಆದರೆ ನೆಂಟರು ಬಂದರೆ ತಾನೇ ಎದ್ದು ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮುಂದೆ ಕುಳಿತು ಬಡಿಯುತ್ತಿದ್ದಳು. ಅನ್ನವ್ವ ಪಲ್ಯ ಮಾಡುತ್ತಿದ್ದಳು. ಇದಕ್ಕೆ ಇಬ್ಬರೂ ಒಪ್ಪಿಕೊಂಡಿದ್ದರು, ಬಾಯಿಬಿಟ್ಟು ಆಡಿರಲಿಲ್ಲ.

ಎರಡು ವರ್ಷದ ಮೇಲೆ ನರಗುಂದದಿಂದ ಉಡಚವ್ವನ ಅಕ್ಕ ವೀರವ್ವ ಹೇಳದೆ ಕೇಳದೆ ಬಂದಳು. ಮಧ್ಯಾಹ್ನದ ಹೊತ್ತು. ಉಡಚವ್ವ ಹಿತ್ತಲಿನಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು, ಒಳಗೆ ಅನ್ನವ್ವ ರೊಟ್ಟಿ ಬಡಿಯುತ್ತಿದ್ದಳು. ವೀರವ್ವ ಕಾಲು ತೊಳೆದುಕೊಂಡು ಒಳಗೆ ಬಂದು ಕುಳಿತಳು. ಅನ್ನವ್ವ ಕೈ ನಿಲ್ಲಿಸಿ ಅತ್ತೆಯ ದಾರಿ ನೋಡಿದಳು. ಉಡಚವ್ವ ಬಂದಳು, ಅಕ್ಕನನ್ನು ಮಾತಾಡಿಸಿದಳು, ಕೈ ತೊಳೆದಳು. ಕೊಣಮಿಗೆಯ ಹತ್ತಿರ ಹೋಗಲಿಲ್ಲ. ಅಕ್ಕನ ಮುಂದೆ ತಾಟು ಇಟ್ಟು, "ಬಡಿ, ಆರತಾವ," ಎಂದು ಸೊಸೆಗೆ ಹೇಳಿದಳು.

ಅನ್ನವ್ವ ಬಡಿದಳು. ವೀರವ್ವ ನೋಡಿದಳು.

"ಉಡಚಿ, ನಿನ್ನ ಸೊಸಿ ಎಡಗೈಲೆ ಬಡ್ಯಾಕ ಹತ್ಯಾಳಲ್ಲ."

"ಹೌದು," ಎಂದಳು ಉಡಚವ್ವ, ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಅಕ್ಕನ ತಾಟಿಗೆ ಹಾಕುತ್ತ. "ಬಿಸಿ ಐತಿ, ಮೊದಲ ಉಣ್ಣು."

ವೀರವ್ವ ತಂಗಿಯ ಮುಖವನ್ನೊಮ್ಮೆ, ರೊಟ್ಟಿಯನ್ನೊಮ್ಮೆ ನೋಡಿ ಬೆಣ್ಣೆ ಹಚ್ಚಿಕೊಂಡಳು. ಮೂರು ರೊಟ್ಟಿ ಉಂಡಳು. ಮರುದಿನ ಊರಿಗೆ ಹೊರಡುವಾಗ ಬುತ್ತಿಗೆ ಆರು ಚಪಾತಿ ಕಟ್ಟಿಸಿಕೊಂಡಳು. ನರಗುಂದ ಮುಟ್ಟುವ ತನಕ ಅವು ಮೆತ್ತಗೇ ಇದ್ದವೆಂದು ಆಮೇಲೆ ಬಂದುಹೋಗುವವರ ಕೈಯಲ್ಲಿ ಹೇಳಿ ಕಳಿಸಿದಳು.