ನೊರೆ ಇಳಿಯುವ ತನಕ

ಪರದೆಯಲ್ಲಿ ಅಂಕಿ ಮೂಡಿದರೂ ರತ್ನಮ್ಮನವರು ಪೆನ್ನು ಎತ್ತುತ್ತಿರಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ಯಾರಾದರೂ ಅವಸರ ಮಾಡಿದರೆ ಒಂದೇ ಮಾತು: "ನೊರೆ ಇಳೀಲಿ ಸಾರ್."

ನಮ್ಮದು ಮಾಲೂರಿನ ಬಳಿಯ ಕಾರ್ಖಾನೆ. ಎದೆಯೊಳಗೆ ಕೂರಿಸುವ ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ತಂತಿ ಇಲ್ಲಿ ತಯಾರಾಗುತ್ತದೆ. ಅದನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವುದು ರತ್ನಮ್ಮನವರ ಕೆಲಸ. ಉಪ್ಪುನೀರಿನಲ್ಲಿ ನೊರೆ ಎಲ್ಲಿಯದು? ಅವರು ಮೊದಲು ವಕ್ಕಲೇರಿ ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷಿಸುತ್ತಿದ್ದವರು. ನೊರೆ ಇಳಿಯುವ ಮೊದಲೇ ಲ್ಯಾಕ್ಟೋಮೀಟರ್ ನೋಡಿದರೆ ಒಳ್ಳೆಯ ಹಾಲಿಗೂ ನೀರು ಬೆರೆಸಿದ ಹೆಸರು ಬರುತ್ತದಂತೆ.

ನಾನು ಆಗ ಹೊಸ ಇಂಜಿನಿಯರ್, ತಲೆ ತುಂಬ ಪುಸ್ತಕ. ಹತ್ತು ತಂತಿಗಳನ್ನು ಮೂವರ ಕೈಯಲ್ಲಿ ಅಳೆಸಿದೆ. ಇಬ್ಬರ ಸರಾಸರಿ ಹೊಂದಿತು, ರತ್ನಮ್ಮನವರದು ಬೇರೆ ಬಂತು. ತಪ್ಪು ಇವರದೇ ಎಂದು ಬರೆದುಕೊಟ್ಟೆ. ಸೋಮವಾರದಿಂದ ಇವರನ್ನು ಪ್ಯಾಕಿಂಗಿಗೆ ಹಾಕಿ ಎಂದು ಮ್ಯಾನೇಜರು ಕಾಗದ ಕಳಿಸಿದರು.

ರತ್ನಮ್ಮನವರು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ನನ್ನ ಮೇಜಿನ ಮುಂದೆ ಬಂದು ನಿಂತರು.

"ಒಂದೊಂದೇ ಸಾರಿ ಅಳೆಸಿದ್ದೀರ ಸಾರ್. ನಂಬರ್ ಚೀಟಿ ಮುಚ್ಚಿ, ಕಲಸಿ, ಅವೇ ತಂತಿಗಳ್ನ ಮೂರು ಸಾರಿ ಕೊಡಿ. ನಂದು ಬೇರೆ ಬೇರೆ ಬಂದ್ರೆ ನಾನೇ ಪ್ಯಾಕಿಂಗ್‌ಗೆ ಹೋಗ್ತೀನಿ. ಇದು ಯಾರ್ದೋ ಎದೆ ಒಳಗೆ ಹೋಗೋ ತಂತಿ ಕಣಪ್ಪಾ, ಅಂದಾಜಲ್ಲಿ ಬರೆಯಕ್ಕಾಗಲ್ಲ."

ಮೂವರಿಗೂ ಹಾಗೆಯೇ ಕೊಟ್ಟೆ. ಸಂಜೆ ಹಾಳೆಗಳನ್ನು ಹೋಲಿಸಿದರೆ, ಉಳಿದಿಬ್ಬರೂ ಒಂದೇ ತಂತಿಗೆ ಮೂರು ಬಾರಿ ಮೂರು ಅಂಕಿ ಬರೆದಿದ್ದರು. ಕರೆಂಟು ಕೊಟ್ಟ ಮೇಲೆ ಸೋರಿಕೆಯ ಅಂಕಿ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಅದು ನಿಲ್ಲುವ ಮೊದಲೇ ಅವರಿಬ್ಬರೂ ಕಣ್ಣಿಗೆ ಬಿದ್ದದ್ದನ್ನು ಬರೆದುಬಿಟ್ಟಿದ್ದರು. ರತ್ನಮ್ಮನವರ ಹತ್ತೂ ತಂತಿಗಳ ಅಂಕಿ ಮೂರು ಸಲವೂ ಹೆಚ್ಚುಕಮ್ಮಿ ಅದೇ. ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಸಂತೋಷವೂ ಆಯಿತು. ಮರುದಿನ ಮೂವರೂ ಅಂಕಿ ನಿಲ್ಲುವ ತನಕ ಕಾದರು. ಮೂರೂ ಹಾಳೆ ಹೊಂದಿದವು. ಮ್ಯಾನೇಜರು ತಮ್ಮ ಕಾಗದವನ್ನು ತಾವೇ ಹರಿದು, ಕಾಯುವುದನ್ನು ಎಲ್ಲರಿಗೂ ನಿಯಮ ಮಾಡಿದರು.

"ಏಮಿ ಸಾರ್, ಈಗ ಪ್ಯಾಕಿಂಗ್‌ಗೆ ಯಾರು?" ಎಂದು ಕೇಳಿದರು ರತ್ನಮ್ಮ.

"ನಾನೇ ಹೋಗ್ತೀನಿ ಬಿಡಿ."

"ನೀವು ಬ್ಯಾಡ. ಅವಸರಕ್ಕೆ ಡಬ್ಬಿ ಮುರಿದಾಕ್ತೀರ."

ಅವರು ನಿವೃತ್ತರಾಗಿ ಎರಡು ವರ್ಷವಾಯಿತು. ಅವರ ಕುರ್ಚಿಯಲ್ಲಿ ಈಗ ಮುಳಬಾಗಿಲಿನ ಹುಡುಗಿಯೊಬ್ಬಳು ಕೂರುತ್ತಾಳೆ. ರತ್ನಮ್ಮನವರ ಮುಖವನ್ನೂ ನೋಡಿದವಳಲ್ಲ. ಮೊನ್ನೆ ಲಾರಿ ಹೊರಡುವ ಹೊತ್ತಾಗಿತ್ತು. "ಬೇಗ ಬರಿಯಮ್ಮ" ಎಂದೆ. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ನೊರೆ ಇಳೀಲಿ ಸಾರ್."

ನಾನೂ ಅಂಕಿ ನೋಡುತ್ತ ಕಾದೆ.