ಛತ್ರಿ ಹಿಡಿದವನ ಮುಖ

ಪುಣೆಯ ಶಿವಾಜಿನಗರದ ನಿವೃತ್ತ ಗುಮಾಸ್ತ ಬಿಂದುಮಾಧವರಾಯರು ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಕೊಡುವುದು ಚಿತ್ರದ ಸ್ಪಷ್ಟತೆಯ ಪಾಠ. ಹೊಸ ಎಚ್‌ಡಿ ಟಿವಿಯನ್ನು ಧೋತರದ ಚುಂಗಿನಿಂದ ಒರೆಸಿ, ಅತಿಥಿಯ ಕೈಗೆ ಭೂತಗನ್ನಡಿ ಕೊಟ್ಟು, "ನಾಯಕಿ ನತ್ತಿನ ಮುತ್ತು ಎಣಸ್ರಿ. ಕೇಬಲ್‌ನ್ಯಾಗ ಮೂರು, ಎಚ್‌ಡಿ ಒಳಗ ಐದು. ಡಿಸ್ಕಿನ್ಯಾಗ ಏಳು ಬರ್ತಾವಂತ!" ಎನ್ನುತ್ತಾರೆ. ಪರೀಕ್ಷೆಗೆ ಯಾವಾಗಲೂ ಒಂದೇ ಸಿನಿಮಾ, ನಲವತ್ತು ವರ್ಷದ ಹಿಂದೆ ಶಿವಾಜಿನಗರ ಸ್ಟೇಷನ್ನಿನಲ್ಲಿ ತೆಗೆದದ್ದು. ಅದರ ಗುಂಪಿನಲ್ಲಿ ಛತ್ರಿ ಹಿಡಿದು ನಿಂತವನು ತಾನೇ ಎಂದು ರಾಯರು ಹೆಣ್ಣು ನೋಡಲು ಹೋದ ದಿನವೇ ಹೇಳಿದ್ದರು. ಹೆಂಡತಿ ರಂಗೂಬಾಯಿ ಮದುವೆಗೆ ಅರ್ಧ ಒಪ್ಪಿದ್ದು ಆ ಛತ್ರಿಗೇ. ಕೇಬಲ್ಲಿನಲ್ಲಿ ಆ ಮುಖ ಬರೀ ಮಸಿ. ಎಚ್‌ಡಿಯಲ್ಲಿ ಸರಿಯಾಗಿ ಅದರ ಮೇಲೆಯೇ ಚಾನೆಲ್ಲಿನ ಮುದ್ರೆ. ಕೊನೆಗೆ ಮಗಳು ಅನುಜಾ ಬ್ಲೂ-ರೇ ಡಿಸ್ಕ್ ತಂದಳು. ನತ್ತಿನಲ್ಲಿ ಏಳು ಮುತ್ತು ಬಂದವು. ರಾಯರು ಹಿಗ್ಗಿ ಛತ್ರಿಯ ಹತ್ತಿರ ಚಿತ್ರ ನಿಲ್ಲಿಸಿದರು. ಅದರಡಿಯಲ್ಲಿ ಉಬ್ಬುಹಲ್ಲಿನ ಬೇರೆ ಯಾವನೋ, ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ನಿಂತಿದ್ದ. ರಾಯರು ಭೂತಗನ್ನಡಿಯನ್ನು ಒರೆಸಿದರು, ಮತ್ತೆ ಒರೆಸಿದರು, ಹೆಂಡತಿಯತ್ತ ತಿರುಗಲಿಲ್ಲ. ರಂಗೂಬಾಯಿ ಟಿವಿಯನ್ನೊಮ್ಮೆ, ಗಂಡನ ಬೆನ್ನನ್ನೊಮ್ಮೆ ನೋಡಿದರು. "ಈ ಡಿಸ್ಕ್ ಭಾಳ ಕೆಟ್ಟ ಅದ ನೋಡ್ರಿ," ಎಂದರು, "ಒಬ್ಬರ ಮುಖಾನೂ ಗುರ್ತ ಹತ್ತವಲ್ದು. ನಮಗ ಚಾನೆಲ್ಲೇ ಚಲೋ."